ಸಾಣಿಗಿ

ಗುಳೇದಗುಡ್ಡಕ್ಕ ನಡಿಯಾಕ ಬಂದ ಮೂರನೇ ದಿನ
ಅತ್ತಿ ನನ್ನ ಕೈಗೆ ಕೊಟ್ಟದ್ದು ಕೀಲಿ ಅಲ್ಲ, ಸಾಣಿಗಿ.
‘ಹೊಟ್ಟು ಕಾಣೋ ರೊಟ್ಟಿ ಮಂದಿ ಮುಂದ ಇಡಬ್ಯಾಡ’ ಅಂದಳು.
ನಲವತ್ತು ವರ್ಷ ಇಡಲಿಲ್ಲ.
ಮಗ್ಗದ ಮನಿಯವರು ನನ್ನ ರೊಟ್ಟಿ
ಖಣ ನೋಡಿದಂಗ ಬೆಳಕಿಗೆ ಹಿಡದು ನೋಡತಿದ್ದರು.
ಕೆಳಗ ಬಿದ್ದದ್ದು ನಮಗ,
ಮ್ಯಾಲ ಉಳಿದದ್ದು ಎಮ್ಮಿಗಿ.

ಈಗ ನವನಗರದ ಆಸ್ಪತ್ರ್ಯಾಗ
ಮೊಮ್ಮಗಳ ವಯಸ್ಸಿನ ಹುಡುಗಿ,
ಕೊರಳ ಚೀಟಿಯಾಗ ರುಖಸಾರ ಅಂತ ಹೆಸರು,
ಹಾಳಿ ಮ್ಯಾಲ ಅವರೆಕಾಳಿನಂಥಾ ಎರಡು ಚಿತ್ರ ಬರದು
‘ಅಜ್ಜಿ, ಇವು ನಿಮ್ಮ ಮೈಯಾಗಿನ ಸಾಣಿಗಿ.
ತೂತು ಮುಚ್ಚಿಕೊಂತ ಹೊಂಟಾವ.
ಇನ್ನ ಮನಿ ಸಾಣಿಗಿ ಗೂಟಕ್ಕ ಹಾಕ್ರಿ’ ಅಂದಳು.

ನಗಿ ಬಂತು.
ಒಂದು ಕೆಟ್ಟರ ಇನ್ನೊಂದಕ್ಯಾಕ ರಜಾ?

ಹೊಟ್ಟಿನ್ಯಾಗ ನಾರು ಐತಂತ.
ಆ ನಾರು ತಿಂದು ಬದುಕೋ ಕಣ್ಣಿಗಿ ಕಾಣದ ಹುಳ
ಕರುಳಾಗ ಸಂಸಾರ ಹೂಡ್ಯಾವಂತ.
ಅವಕ್ಕ ಉಣ್ಣಾಕ ಹಾಕಿದರ
ರಕ್ತದ ಹೊಲಸು ಅಷ್ಟಿಷ್ಟು ಅವ ಹೊತ್ತು ಹಾಕತಾವಂತ.
‘ಆರಾಮ ಆಗತೈತೇನವಾ?’
ಹುಡುಗಿ ಸುಳ್ಳು ಹೇಳಲಿಲ್ಲ.
‘ಇಲ್ಲಜ್ಜಿ. ಸಾಣಿಗಿಗಿ ದುಡಿತ ಸ್ವಲ್ಪ ಹಗುರಾಗತೈತಿ.’

ಮತ್ತ ಹಾಳಿ ತುಂಬ ಬ್ಯಾಡಾದದ್ದು:
ಪುಂಡಿಪಲ್ಯಾ ಮರತಬಿಡ್ರಿ,
ಕಾಯಿಪಲ್ಯಾ ಕುದಿಸಿ ನೀರು ಚೆಲ್ಲರಿ,
ಶೇಂಗಾ ಚಟ್ನಿ ಒಂದ ಚಮಚಾ, ಉಪ್ಪಿನಕಾಯಿ ಬರೇ ವಾಸನಿ.
ಹೊಟ್ಟೂ ಅಳತಿಲೇ, ಅಂದಳು,
ಅದರಾಗೂ ಉಪ್ಪಿನ ಬೀಗರೊಬ್ಬರು ಅಡಗ್ಯಾರಂತ.

ಮರುದಿನ ನಸಿಕಿನ್ಯಾಗ
ಸಾಣಿಸದ ಹಿಟ್ಟು ನಾದಿದೆ.
ಅಂಚು ಸೀಳಿತು. ಬಡಿಯೋ ಸಪ್ಪಳಾನ ಬ್ಯಾರೆ,
ಯಾರದೋ ಮನಿ ರೊಟ್ಟಿ ಬಡದಂಗ.
ಹಂಚಿನ ಮ್ಯಾಲ ಕಂದು ಚುಕ್ಕಿ ಎದ್ದವು,
ನನ್ನ ಮುಂಗೈ ಮ್ಯಾಲಿನಂಥವೇ.

ನಮ್ಮ ಯಜಮಾನರು ಒಂದು ತುತ್ತು ಮುರಕೊಂಡು
ಮಾತಾಡಲಾರದ ಅಗದರು,
ಬಾಳ ಹೊತ್ತು ಅಗದರು.
ಲಗ್ನ ಆದಾಗಿಂದ
ನನ್ನ ರೊಟ್ಟಿಗೆ ಅವರು ಇಷ್ಟು ಹೊತ್ತು ಕೊಟ್ಟದ್ದಿಲ್ಲ.

ಸಾಣಿಗಿಯಾಗ ಈಗ ಗುಳಿಗಿ ಇಡತೀನಿ.
ಅತ್ತಿ ಫೋಟೊದಾಗಿಂದ ನೋಡತಾಳ, ನೋಡಲಿ.

ಎಮ್ಮಿ ಮಾತ್ರ ಗ್ವಾದಲಿಗೆ ಮೂತಿ ಹಾಕಿ
ಬರೇ ಕಣಿಕಿ ಕಂಡು
ತಲಿ ಎತ್ತಿ ನನ್ನ ಕಡೆ ಹಂಗ ನಿಂತಿತು.
‘ಏನ ನೋಡತಿ’ ಅಂದೆ,
‘ನೀನೂ, ನಿಮ್ಮವ್ವನೂ, ನಿಮ್ಮಜ್ಜಿನೂ
ತಿಂದದ್ದು ನನ್ನ ಪಾಲು.’