ಚೌಕಾಸಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ
ಹತ್ತೊಂಬತ್ತು ವರ್ಷದಿಂದ ಗೂಡು ತರುತ್ತಿದ್ದೇನೆ.
ಹತ್ತೊಂಬತ್ತು ವರ್ಷವೂ ದಸ್ತಗೀರ್ ಸಾಬರ ಜೊತೆ ಜಗಳ.
ಹರಾಜು ಮೊಬೈಲಿಗೆ ಹೋದರೂ
ನಮ್ಮ ಬಾಯಿ ಮಾತ್ರ ಜಾಲರಿಯ ಪಕ್ಕದಲ್ಲೇ ಉಳಿಯಿತು.

ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸೋರು.
‘ಏನಕ್ಕಾ, ಇದು ಗೂಡಾ, ಕಡ್ಲೆಪುರಿಯಾ?’
‘ನಿಮ್ಮ ಕಿವೀಲಿ ಗುಗ್ಗೆ ತುಂಬದೆ, ತೆಗೆಸ್ಕೊಂಡು ಬನ್ನಿ ಸಾಬ್ರೇ.’
‘ಜೋಡಿ ಗೂಡು ಎಷ್ಟು ಹಾಕಿದ್ದೀ? ಮದುವೆ ಛತ್ರ ಇದ್ದಂಗದೆ!’
ನಾನು ಅವರ ರಾಟೆಯನ್ನು, ಅವರು ನಮ್ಮ ಸೊಪ್ಪನ್ನು,
ನಾನು ಅವರ ಗಡ್ಡವನ್ನು, ಅವರು ನಮ್ಮೂರ ಕೆರೆಯನ್ನು
ಹಿಡಿದು ಬೈದು,
ಕಿಲೋಗೆ ಎರಡು ರೂಪಾಯಿ ಎಳೆದಾಡಿ,
ಮೋಸ ಹೋದದ್ದು ನಾನೇ ಎಂದು ಇಬ್ಬರೂ ನಂಬಿ
ಟೀ ಕುಡಿಯುತ್ತಿದ್ದೆವು.
ದುಡ್ಡು ಯಾರು ಕೊಡಬೇಕೆಂದು ಇನ್ನೊಂದು ಜಗಳ.

ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ
ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಬಾಂಬು ಸಿಡಿಯಿತು.
ಟೀವಿಯಲ್ಲಿ ಒಬ್ಬ ಹೆಂಗಸು, ನನ್ನ ವಯಸ್ಸೇ,
ಕೈಯಲ್ಲಿ ಎರಡು ಟಿಕೇಟು ಹಿಡಿದು
ಯಾರನ್ನೋ ಹುಡುಕುತ್ತಿದ್ದಳು.
ಜ್ವರದಲ್ಲಿ ಸೊಪ್ಪು ಹಾಕುವಂತಿಲ್ಲ, ಕೈಗೆ ಕೆಲಸವಿರಲಿಲ್ಲ.
ಕೂತು ಅತ್ತೆ.

ಜ್ವರದ ಹುಳ ತಲೆಯೆತ್ತಿ ಕಲ್ಲಿನಂತೆ ಕೂರುತ್ತದೆ.
ಆಮೇಲೆ ಹಳೇ ಚರ್ಮ ಬಿಟ್ಟು
ಹಸಿವೋ ಹಸಿವು.
ಊರೂ ಎರಡು ದಿನ ಸುಮ್ಮನಿತ್ತು.

ಮೂರನೇ ದಿನ ಹಾಲಿನ ಡೈರಿ ಹತ್ತಿರ ಬ್ಯಾಟಪ್ಪ
ಮೊಬೈಲು ಮೇಲೆತ್ತಿ ಓದಿದ:
ಅವರಿಗೆ ಗೂಡು ಕೊಡಬೇಡಿ.
‘ಮತ್ತೆ ನೂಲು ತೆಗೆಯೋದು ನಿಮ್ಮಪ್ಪನಾ?’ ಅಂದಳು ಪಿಳ್ಳಮ್ಮ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ತಪ್ಪು ಅಂತ ಯಾರೂ ಅನ್ನಲಿಲ್ಲ.
ಲೆಕ್ಕ ಹೊಂದಲಿಲ್ಲ, ಅಷ್ಟೇ.

ಗೂಡು ಬಿಡಿಸಿ ತಂದ ದಿನ
ಬಸ್ ಸ್ಟ್ಯಾಂಡಿನ ಎದುರು ರೀಲರುಗಳ ಮೆರವಣಿಗೆ.
‘ಖಂಡಿಸುತ್ತೇವೆ’ ಎಂದು ಬರೆದ ಬಟ್ಟೆಯ ಒಂದು ತುದಿ
ದಸ್ತಗೀರ್ ಸಾಬರ ಕೈಯಲ್ಲಿ,
ಕುದಿನೀರಲ್ಲಿ ಬೆಂದು ಬೆಂದು ಸುಲಿದ ಬೆರಳು.
ಅಂಗಡಿ ಮೆಟ್ಟಿಲ ಮೇಲೆ ಜನ ನಿಂತಿದ್ದರು,
ಸರಿಯಾಗಿ ಖಂಡಿಸುತ್ತಾರಾ ಎಂದು ನೋಡಲು.

ನನ್ನ ಮೈದುನ ಬದುವಿನ ಜಗಳಕ್ಕೆ ಮಚ್ಚೆತ್ತಿ
ಒಬ್ಬನ ಹೆಗಲು ಕಡಿದಿದ್ದ.
ನಾನು ಬಡಿಸಿದ ಅನ್ನ ತಿಂದೇ ಹೋಗಿದ್ದ.
ಆಗ ನನ್ನ ಕೈಗೆ ಯಾರೂ ಬಟ್ಟೆ ಕೊಡಲಿಲ್ಲ.

ಮಾರ್ಕೆಟ್ಟಿನಲ್ಲಿ ಜಾಲರಿ ತುಂಬಿ ಕಾದೆ.
ಬಂದರು. ಗೂಡು ಎತ್ತಲಿಲ್ಲ, ಕಿವಿಗೆ ಹಿಡಿಯಲಿಲ್ಲ.
‘ಅಮ್ಮಾ, ನೀವು ಹೇಳಿದ ರೇಟೇ ಹಾಕ್ತೀನಿ’ ಅಂದರು.
ಹತ್ತೊಂಬತ್ತು ವರ್ಷ ಅಕ್ಕಾ ಆಗಿದ್ದವಳು ಈಗ ಅಮ್ಮಾ.
ಬೈಯಲಿ ಅಂತಲೇ
ನಲವತ್ತು ರೂಪಾಯಿ ಏರಿಸಿ ಹೇಳಿದೆ.
‘ಆಗಲಿ ಅಮ್ಮಾ.’
‘ಜೋಡಿ ಗೂಡು ಜಾಸ್ತಿ ಅವೆ ಸಾಬ್ರೇ, ನೋಡ್ಕಳಿ.’
ನನ್ನ ಮಾಲನ್ನು ನಾನೇ ಹಳಿದೆ!
‘ಪರವಾಗಿಲ್ಲ ಅಮ್ಮಾ.’
ಪಕ್ಕದ ಜಾಲರಿಯವರು ನಮ್ಮನ್ನೇ ನೋಡುತ್ತಿದ್ದರು.
ಏನಾಗಿದೆ ನಿಮಗೆ ಅಂತ ಕೇಳಬೇಕಿತ್ತು.
ನನ್ನ ಬಾಯಿಯೂ ಒಣಗಿತ್ತು.

ಸಂಜೆ ಮೊಬೈಲಿಗೆ ದುಡ್ಡು ಬಿದ್ದ ಮೆಸೇಜು.
ಐವತ್ತೆಂಟು ಕಿಲೋ, ನಲವತ್ತರಂತೆ
ಎರಡು ಸಾವಿರದ ಮುನ್ನೂರ ಇಪ್ಪತ್ತು ಹೆಚ್ಚಿಗೆ.
ವಾಪಸು ಕೊಡಲಿಲ್ಲ.
ಬಸ್ಸಿನಲ್ಲಿ ಅದನ್ನೇ ತೆಗೆದು ತೆಗೆದು ಓದಿದೆ.

ಮತ್ತೆ ಚಾಕಿ ಹುಳ ತಂದಿದ್ದೇನೆ.
ಇನ್ನು ಇಪ್ಪತ್ತು ದಿನ.
ಸೊಪ್ಪು ಹೆಚ್ಚುತ್ತಾ ಹೆಚ್ಚುತ್ತಾ ಬೈಗುಳ ಹೊಸೆಯುತ್ತಿದ್ದೇನೆ,
ತಿರುಗಿಸಿ ಬೈಯದೆ ಅವರಿಗೆ ಗತಿಯಿರಬಾರದು, ಅಂಥದ್ದು.
ರಾಟೆಯಿದೆ, ಕಿವಿಯ ಗುಗ್ಗೆಯಿದೆ, ಟೀ ದುಡ್ಡಿನ ಜಿಪುಣತನವಿದೆ.

ಗಡ್ಡದ ಮಾತೊಂದು ಮಾತ್ರ
ಏನು ಮಾಡಿದರೂ ಬಾಯಿಗೆ ಬರುತ್ತಿಲ್ಲ.