ಸಾಕ್ಷಿಗೆರೆ

ಐದು ಗುಂಡೂ ಎಡಕ್ಕೆ.
ಗುರಿಹಲಗೆಯ ಮನುಷ್ಯನ ಹೆಗಲಿನಾಚೆ
ಮುಷ್ಟಿಯಗಲದ ಜಾಗದಲ್ಲಿ ಒತ್ತೊತ್ತಾಗಿ,
ಒಂದೇ ಮನೆಯ ಮಕ್ಕಳು ಒಂದೇ ಚಾಪೆಯಲ್ಲಿ ಮಲಗಿದ ಹಾಗೆ.

"ಕೈ ನಡುಗ್ತದೆ ನಿನಗೆ" ಎಂದರು ಸಾಹೇಬರು.
ಹೊಸ ಎಸ್‌ಐ ಪ್ರೆಸಿಲ್ಲಾ ಮೊಂತೇರೊ
ಬೆವರು ಒರೆಸಿಕೊಳ್ಳದೆ ನಿಂತಿದ್ದಳು.
"ನಡುಗಿದರೆ ಚದುರಬೇಕಿತ್ತಲ್ಲ ಸರ್"
ಅಂದದ್ದು ಅವಳಲ್ಲ, ನಾನೂ ಅಲ್ಲ,
ಹಲಗೆಯ ಐದು ತೂತು.
ಕೇಳಿಸಿದ್ದು ನನಗೊಬ್ಬನಿಗೆ.

ಪಿಸ್ತೂಲನ್ನು ಆಯುಧದ ಕೋಣೆಗೆ ತಂದೆ.
ಕಿಟಕಿಯಾಚೆ ಮಂಗಳೂರಿನ ಮೇ ತಿಂಗಳು,
ಪಣಂಬೂರಿನ ಕಡೆಯಿಂದ ಉಪ್ಪು ಹೊತ್ತ ಗಾಳಿ.
ಈ ಊರಲ್ಲಿ ಕಬ್ಬಿಣ ಒಂದು ರಾತ್ರಿ ಮೈಮರೆತರೂ
ಬೆಳಿಗ್ಗೆ ಕೆಂಪಗೆ ಬೆವರುತ್ತದೆ.
ಅದಕ್ಕೇ ಎಣ್ಣೆ. ಎಣ್ಣೆಯ ಮೇಲೆ ಎಣ್ಣೆ.
ಮೂವತ್ತೊಂದು ವರ್ಷ ನಾನು ಹಚ್ಚಿದ ಎಣ್ಣೆ
ತುಕ್ಕನ್ನು ತಡೆಯಿತು, ಹೌದು.
ಹಿಡಿತವನ್ನೂ ಮೆಲ್ಲಗೆ ಬಿಡಿಸಿತು.

ಖಾಲಿ ಮಾಡಿ, ಖಾಲಿಯೆಂದು ಮತ್ತೊಮ್ಮೆ ನೋಡಿ
ಹಿಂಗುರಿಯನ್ನು ಹೆಬ್ಬೆರಳಿಂದ ಒತ್ತಿದೆ.
ಅಲ್ಲಾಡಲಿಲ್ಲ.
ಚಿಟಿಕೆಯಷ್ಟು ಉಕ್ಕು, ನಡುವೆ ಒಂದು ಕಚ್ಚು.
ಕಣ್ಣಿಗೆ ಎಷ್ಟು ಹತ್ತಿರವೆಂದರೆ
ಯಾರೂ ಅದನ್ನು ನೋಡುವುದಿಲ್ಲ,
ಅದರ ಮೂಲಕ ನೋಡುತ್ತಾರೆ.
ಇಲ್ಲಿ ಕೂದಲೆಳೆ ಸರಿದರೆ ಅಲ್ಲಿ ಒಂದು ಗೇಣು.

ಸಾಕ್ಷಿಗೆರೆ ಎಳೆಯಬೇಕು. ಬಿಳಿ ಪೇಂಟು
ಡಬ್ಬಿಯಲ್ಲೇ ಕಲ್ಲಾಗಿತ್ತು.
ಅವಳು ಚೀಲದಿಂದ ಉಗುರಿನ ಬಣ್ಣ ತೆಗೆದಳು, ದಾಸವಾಳದ ಕೆಂಪು.
"ಡ್ಯೂಟಿಯಲ್ಲಿ ಹಾಕ್ಲಿಕ್ಕಿಲ್ಲ ಮೋನಪ್ಪಣ್ಣ,
ಆದಿತ್ಯವಾರ ಇಗರ್ಜಿಗೆ ಮಾತ್ರ."
ಹಿಂಗುರಿಯಿಂದ ಸ್ಲೈಡಿಗೆ ಇಳಿಯುವಂತೆ ಒಂದೇ ಗೆರೆ.
ಒಣಗುವವರೆಗೆ ಇಬ್ಬರೂ ಮಾತಾಡಲಿಲ್ಲ.

ಮತ್ತೆ ಮೈದಾನ, ಹತ್ತು ಗುಂಡು.
ಆರರವರೆಗೆ ಗೆರೆ ಗೆರೆಯಾಗಿಯೇ ಇತ್ತು.
ಏಳನೆಯದಕ್ಕೆ, ಲೋಹ ಕಾದ ಮೇಲೆ,
ಅದು ಎರಡಾಯಿತು.

ಕೆಲಸ ಅಷ್ಟೇನಿಲ್ಲ.
ವೈಸಿನ ಬಾಯಿಗೆ ಹಳೆ ಚಪ್ಪಲಿಯ ತೊಗಲು,
ಒಂದು ಹಿತ್ತಾಳೆ ಕಡ್ಡಿ, ಪುಟ್ಟ ಸುತ್ತಿಗೆ.
ಹಾಲುಹಲ್ಲಿನ ಹಾಗೆ ಕಳಚಿ ಬಂತು.
ಗಾಡಿಯಲ್ಲಿ ಕಪ್ಪು ಜಿಡ್ಡು, ನನ್ನದೇ ಎಣ್ಣೆ, ವರ್ಷ ವರ್ಷದ್ದು.
ತೊಳೆದು, ಒಣಗಿಸಿ, ತಳಕ್ಕೆ ಪಂಚಿನಿಂದ ಮೂರು ಚುಕ್ಕಿ ಹೊಡೆದೆ,
ಸವೆದ ಕಡೆಯುವ ಕಲ್ಲಿಗೆ ಉಳಿ ಹೊಡೆಸಿದ ಹಾಗೆ.
ನುಣುಪಾದದ್ದಕ್ಕೆ ತುಸು ಒರಟು ಬಂದರೆ
ಹಿಡಿತ ತಾನಾಗಿ ಬರುತ್ತದೆ.
ಎಡದಿಂದ ಬಲಕ್ಕೆ, ಟಕ್. ನೋಡುವುದು. ಟಕ್.
"ಗುಂಡು ಎತ್ತ ಹೋಗಬೇಕೋ ಹಿಂಗುರಿ ಅತ್ತ.
ಮುಂಗುರಿಯಾದರೆ ಉಲ್ಟಾ" ಎಂದೆ.
ಅವಳು ಕಿರುಪುಸ್ತಕದಲ್ಲಿ ಬರೆದುಕೊಂಡಳು.

ಒರೆಸುವಾಗ ನಂಬರು ಕಂಡಿತು.
ಕೊನೆಯ ಮೂರಂಕಿ ಏಳು ಒಂದು ನಾಲ್ಕು.

ಕೊಗ್ಗಪ್ಪನ ನಂಬರು.
ಜಡ್ಜರ ಗನ್‌ಮ್ಯಾನ್ ಆಗಿದ್ದವ.
ಹನ್ನೆರಡು ವರ್ಷದ ಹಿಂದೆ ಅವನವೂ ಎಡಕ್ಕೇ ಹೋದದ್ದು.
"ಸಂಜೆಯ ಗ್ಲಾಸು ಜಾಸ್ತಿಯಾಯ್ತು" ಎಂದು ನಕ್ಕಿದ್ದರು.
ಕಳ್ಳು ಸಹ ಮುಟ್ಟದ ಮನುಷ್ಯ.
ನಾನು ಹೆಬ್ಬೆರಳಿಂದ ಒಮ್ಮೆ ಒತ್ತಿ
ರಿಜಿಸ್ಟರಿನಲ್ಲಿ ಬರೆದೆ: ಆಯುಧ ಸರಿಯಿದೆ.
ಊಟದ ಹೊತ್ತಾಗಿತ್ತು. ಅಂದು ಬಂಗುಡೆ ಸಾರು.
ಮರುವಾರ ಅವನನ್ನು ಮೆಸ್ಸಿಗೆ ಹಾಕಿದರು,
ತೆಂಗಿನಕಾಯಿ ತುರಿಯಲಿಕ್ಕೆ.

ಪ್ರೆಸಿಲ್ಲಾ ಮರುದಿನ ಐದಕ್ಕೆ ಐದು ನಡುವೆ ಹೊಡೆದಳು.
"ನೋಡಿ, ಒಮ್ಮೆ ಬೈದರೆ ಕೈ ನಿಲ್ತದೆ"
ಎಂದರು ಸಾಹೇಬರು.

ಆದಿತ್ಯವಾರ ಕೂಳೂರು ಸೇತುವೆಯ ಹತ್ತಿರ
ಅವನ ಗೂಡಂಗಡಿಗೆ ಹೋದೆ.
ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ
ನಾಲ್ಕು ಸಲ ಜೋಡಿಸಿಕೊಂಡಿದ್ದೆ.
"ಓ ಮೋನಪ್ಪಣ್ಣ! ಯಾವಾಗ ರಿಟೈರು? ಕೂತ್ಕೊಳ್ಳಿ, ಕೂತ್ಕೊಳ್ಳಿ."
ಲಿಂಬೆ ಹಿಂಡಿದ, ಕಲಸಿದ,
ಅಂಚಿನವರೆಗೆ ತುಂಬಿ ಗ್ಲಾಸು ಚಾಚಿದ.
ಗ್ಯಾಸಿನ ಟ್ಯಾಂಕರೊಂದು ಹಾದುಹೋಯಿತು.
ಬೆಂಚು ಅದುರಿತು, ಬಾಟಲಿಗಳು ಕಿಣಿಗುಟ್ಟಿದವು.
ಅವನ ಕೈಯಲ್ಲಿ ಶರಬತ್ತು ಕದಲಲಿಲ್ಲ.

ತೆಗೆದುಕೊಂಡೆ.
ನನ್ನ ಅಂಗಿಗೆಲ್ಲ ಚೆಲ್ಲಿತು.