ಜೋಡು

ನರೀನಿನ ಅಂಚೆ ಕಚೇರಿಯ ಹಿಂದಿನ ಕೋಣೆ ನನ್ನದು.
ಒಂದು ಒಲೆ, ಎರಡು ಕುರ್ಚಿ,
ಗೋಡೆಯ ಮೇಲೆ ಬಣ್ಣ ಮಾಸಿದ ಯುರೋಪು.
ಊರು ದಾಟದ ಸರಕಿಗೆ ಗಡಿ ದಾಟಿಸುವುದು ಕೆಲಸ.
ಜೇನಿನವರು ಬಂದರು, ಜಾಮಿನವರು ಬಂದರು,
ಹಿಮ ಬೀಳತೊಡಗಿದ ಮೇಲೆ
ಬುರುಲ್ಚಾ ಬಂದಳು,
ಚೀಲದ ತುಂಬ ಉಣ್ಣೆಯ ಜೋಡು.

ಬಿಸಿನೀರು, ಸಾಬೂನು;
ಬಡಿದು, ತುಳಿದು, ಉರುಳಿಸಿ,
ಹೊಲಿಗೆಯೇ ಇಲ್ಲದೆ ಇಡಿಯಾಗಿ ಹುಟ್ಟಿದವು.
ಏಳು ಹೆಂಗಸರು, ಒಂದು ಹಳೆ ಗ್ಯಾರೇಜು.
ಅಳತೆ ಏನೆಂದೆ.
ಮೇಜಿನ ಮೇಲೆ ಗೇಣು ಬಿಚ್ಚಿಟ್ಟಳು.
ಯಾರ ಗೇಣು?
"ನನ್ನದು. ಮತ್ತಾರದು?"

ಮೂವತ್ತೆಂಟು, ಮೂವತ್ತೊಂಬತ್ತು ಕಲಿಸಿದೆ.
ಬೆಲೆ ಕಟ್ಟುವುದು ಕಲಿಸಿದೆ:
ಉಣ್ಣೆ, ಸೌದೆ, ಲಾರಿ, ಸುಂಕ.
ಕೂಲಿಯನ್ನೇ ಬರೆದಿರಲಿಲ್ಲ ಅವಳು.
"ಚಳಿಗಾಲದಲ್ಲಿ ಕೈ ಹೇಗೂ ಸುಮ್ಮನಿರುತ್ತವೆ."
ಅದಕ್ಕೆ ಕಾಲಂ ಇಲ್ಲ ಅಂದೆ,
ಕೂಲಿ ಬರೆದೆ. ಅವಳು ಆ ಅಂಕಿಯನ್ನು
ಬೇರೆ ಯಾರದೋ ಎಂಬಂತೆ ನೋಡಿದಳು.

ಬ್ರೆಮೆನ್ನಿನಿಂದ ಮಾದರಿ ವಾಪಸು ಬಂತು.
ಕಾರಣ: ಕುರಿಯ ವಾಸನೆ.
"ಮತ್ತೇನು, ಮೀನಿನ ವಾಸನೆ ಬರಬೇಕಿತ್ತೇ?"
ನಕ್ಕು ಮುಗಿದ ಮೇಲೆ ಮೂರು ನೀರಲ್ಲಿ ತೊಳೆದರು,
ಕೊನೆಯದಕ್ಕೆ ವಿನೆಗರ್,
ವಾರವಿಡೀ ಬೇಲಿಯ ಮೇಲೆ ಗಾಳಿ.
ಅವಳ ನಾಯಿ ಬಂದು ಮೂಸಿ,
ಗುರುತು ಸಿಗದೆ ಹೊರಟುಹೋಯಿತು.
ಆಗ ಕಳಿಸಿದೆವು. ಇನ್ನೂರು ಜೋಡು.

ಮಾರ್ಚಿನಲ್ಲಿ ಅಂಗಡಿಯವನ ಪತ್ರ:
ಗಿರಾಕಿಯೊಬ್ಬರಿಗೆ ಇರುವುದು ಎಡಗಾಲು ಮಾತ್ರ.
ಒಂದೇ ಸಾಕು. ಅರ್ಧ ಬೆಲೆಗೆ ಆದೀತೇ?

ನಮೂನೆಯಲ್ಲಿ ಪ್ರಮಾಣದ ಮುಂದೆ ಜೋಡು ಎಂದೇ ಅಚ್ಚಾಗಿದೆ.
ಅರ್ಧ ಒತ್ತಿದರೆ ಕಂಪ್ಯೂಟರು ಕೆಂಪಾಗುತ್ತದೆ.
ಬಿಷ್ಕೆಕ್ಕಿನ ಸುಂಕದವನಿಗೆ ಫೋನು ಮಾಡಿದೆ.
"ಅರ್ಧ ಜೋಡು ಅಂದರೇನಕ್ಕಾ?" ಅಂದ,
ಪಕ್ಕದವನಿಗೂ ಹೇಳಿ ನಕ್ಕ.
ಆಗುವುದಿಲ್ಲ ಎಂದು ಬರೆಯಲು ಕುಳಿತೆ.
ಸೌಜನ್ಯದ ಮೊದಲ ಸಾಲು ಮುಗಿದಿತ್ತು.

ಬುರುಲ್ಚಾ ಕೇಳಿದ್ದು ಪಾದದ ಉದ್ದ ಮಾತ್ರ.
ನಲವತ್ಮೂರು ಅಂದೆ.
ಮನಸ್ಸಿನಲ್ಲೇ ಗೇಣಿಗೆ ತಿರುಗಿಸಿಕೊಂಡಳು, ತುಟಿ ಅಲುಗಿತು.

ಹತ್ತು ದಿನಕ್ಕೆ ಮೇಜಿನ ಮೇಲೆ ಎರಡು.
ಬೂದು ಬಣ್ಣ, ಅಂಚಿಗೆ ಕೆಂಪು.
ತಿರುಗಿಸಿ ನೋಡಿದೆ, ಅದಲುಬದಲು ಮಾಡಿ ನೋಡಿದೆ.
ಎರಡೂ ಎಡಗಾಲಿನವು.
"ಒಂದು ಸವೆಯುವಷ್ಟರಲ್ಲಿ ಇನ್ನೊಂದು ಬೇಕಲ್ಲ."
ಬೆಲೆ?
"ಪೂರ್ತಿ. ಕೂಲಿ ಸೇರಿಸಿ."
ಒಲೆಗೆ ಕೈ ಕಾಯಿಸುತ್ತ ಅಂದಳು.

ಪ್ರಮಾಣ: ಒಂದು ಜೋಡು.
ಕಂಪ್ಯೂಟರು ಹಸಿರಾಯಿತು.
ತೂಕ: ನಾನೂರ ಹತ್ತು ಗ್ರಾಂ.
ಲಾರಿ ಹತ್ತೂವರೆಗೆ.